ಬೆನ್ನುಹುರಿಗೆ ಏಟಾದ ತಮ್ಮ ಗೋಡೆ ಕಡೆ ತಿರುಗಿ ಮಲಗಿರುತ್ತಾನೆ, ನಾವು ಏನು ಮಾಡಬೇಕು?

ಅಕ್ಕಾ, ನಿಮ್ಮ ತಮ್ಮನಿಗೆ 22 ವರ್ಷ. ಅಡಿಕೆ ಮರದಿಂದ ಬಿದ್ದು ಮೂರು ತಿಂಗಳಾಗಿದೆ, ಸೊಂಟದಿಂದ ಕೆಳಗೆ ಸ್ಪರ್ಶ ಇಲ್ಲ. ಮನೆಗೆ ಬಂದ ಮೇಲೆ ಮಾತು ಬಿಟ್ಟಿದ್ದಾನೆ, ಅಮ್ಮ ತುತ್ತು ಮಾಡಿ ಉಣ್ಣಿಸುತ್ತಾರೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಅಂಥದ್ದೇ ಹಾಸಿಗೆಯಲ್ಲಿ ಮಲಗಿದ್ದವನು. 21ನೇ ವಯಸ್ಸಲ್ಲಿ ಬೈಕ್ ಸ್ಕಿಡ್ ಆಗಿ ಬೆನ್ನುಹುರಿಗೆ ಏಟಾಯಿತು, ಟಿ10 ಲೆವೆಲ್, ಅಂದರೆ ಎದೆಭಾಗದ ಹತ್ತನೇ ಬೆನ್ನುಮೂಳೆಯ ಮಟ್ಟದಲ್ಲಿ. ಈಗ ನನಗೆ 31.

ಮೊದಲು ಆ ತುತ್ತು ನಿಲ್ಲಿಸಿ. ಅವನ ಕೈ ಸರಿಯಿದೆ ಅಲ್ವಾ?

ನಮ್ಮಮ್ಮನೂ ಹಾಗೇ ಇದ್ದರು. ಒಂದು ದಿನ ಮನೆಗೆ ಬಂದ ಫಿಸಿಯೋ, ತಟ್ಟೆಯನ್ನು ನನ್ನಿಂದ ಒಂದು ಮೊಳ ದೂರ ಇಟ್ಟು ಸುಮ್ನೆ ಕೂತರು. ಅಮ್ಮ ಎದ್ದು ಬಂದರೆ ಕಣ್ಣಲ್ಲೇ ತಡೆದರು. ನನಗೆ ಎಲ್ಲಿಲ್ಲದ ಸಿಟ್ಟು. ಹತ್ತು ನಿಮಿಷ ಹಟ ಹಿಡಿದೆ. ಆಮೇಲೆ ಹಸಿವು ಗೆದ್ದಿತು. ಮೊಣಕೈ ಊರಿ, ಮಂಚದ ಕಂಬಿ ಹಿಡಿದು ಎದ್ದೆ, ತಟ್ಟೆ ಎಳೆದುಕೊಂಡೆ. ಅರ್ಧ ಚಿತ್ರಾನ್ನ ಬೆಡ್‌ಶೀಟ್ ಮೇಲೆ ಚೆಲ್ಲಿತು. ಅಮ್ಮ ಅಡುಗೆಮನೆಗೆ ಹೋಗಿ ಅತ್ತರಂತೆ, ಆಮೇಲೆ ಅಕ್ಕ ಹೇಳಿದಳು. ಆದರೆ ಅವತ್ತು ರಾತ್ರಿ ನಾನಾಗೇ ಬಾಯಿಬಿಟ್ಟು ಕೇಳಿದೆ, "ನಾಳೆ ಏನು ತಿಂಡಿ?" ಅಂತ.

ಕೈ ಬಿಡಿ ಅಂತ ಹೇಳುತ್ತಿಲ್ಲ. ಅವನ ಮೈಯ ಲೆಕ್ಕ ಅವನ ಕೈಗೆ ಕೊಡಿ. ಆ ಲೆಕ್ಕ ಸಣ್ಣದಲ್ಲ.

ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ರಾತ್ರಿ ಕೂಡ. ಏರ್ ಬೆಡ್ ತಂದಿದ್ದೇವೆ ಅಂತ ಬಿಡಬೇಡಿ. ವೀಲ್‌ಚೇರಲ್ಲಿ ಕೂತರೆ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈ ಊರಿ ಪೃಷ್ಠ ಎತ್ತಬೇಕು, ಇಲ್ಲವೇ ಮುಂದಕ್ಕೆ ಚೆನ್ನಾಗಿ ಬಾಗಬೇಕು. ಒತ್ತಿ ಒತ್ತಿ ಒಂದು ಹುಣ್ಣು (ಬೆಡ್ ಸೋರ್) ಆದರೆ ತಿಂಗಳುಗಟ್ಟಲೆ ಬೋರಲು ಮಲಗಬೇಕಾಗಬಹುದು. ನಾನು ದಿನಾ ಬೆಳಿಗ್ಗೆ ಮೊಬೈಲ್ ಹಿಂದಕ್ಕೆ ಹಿಡಿದು ಫೋಟೋ ತೆಗೆದು ನೋಡುತ್ತೇನೆ. ಎಲ್ಲಾದರೂ ಕೆಂಪಾಗಿದ್ದು, ಭಾರ ತೆಗೆದು ಅರ್ಧ ಗಂಟೆ ಆದರೂ ಹೋಗದಿದ್ದರೆ ಆ ಜಾಗಕ್ಕೆ ಭಾರವೇ ಬಿಡುವುದಿಲ್ಲ. ಈ ಫೋಟೋ ಕೆಲಸ ನಿಮ್ಮ ತಮ್ಮನೇ ಮಾಡಲಿ. ಸ್ವಂತ ಬೆನ್ನನ್ನು ಅಕ್ಕನಿಗೆ ತೋರಿಸಲು ಯಾವ ಹುಡುಗನಿಗೆ ಇಷ್ಟ?

ಮೂತ್ರದ ವಿಷಯವೂ ಅಷ್ಟೇ. ಪೈಪ್ ಯಾವಾಗಲೂ ಹಾಕಿಯೇ ಇದೆಯಾ? ಹಾಗಿದ್ದರೆ ಡಾಕ್ಟರ ಹತ್ತಿರ ಸ್ವತಃ ಕ್ಯಾಥೆಟರ್ (ಮೂತ್ರದ ಪೈಪ್) ಹಾಕಿಕೊಳ್ಳುವುದನ್ನು ಕಲಿಸಬಹುದಾ ಅಂತ ಕೇಳಿ. ಕೈ ತೊಳೆದು, ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ಹಾಕಿ, ಖಾಲಿ ಮಾಡಿ, ತೆಗೆಯುವುದು. ಕಲಿಯಲು ನನಗೆ ಒಂದು ವಾರ ಬೇಕಾಯಿತು. ಚೀಲ ತಗುಲಿಸಿಕೊಂಡು ಯಾರೆದುರೂ ಕೂರಲಾರೆ ಅಂತ ಮುದುಡಿದ್ದವನು, ಅದಾದ ಮೇಲೆ ಮದುವೆಮನೆಗೂ ಹೋದೆ. ಜ್ವರ, ಚಳಿ, ಮೂತ್ರ ಕದಡಿದ ಹಾಗೆ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಮಲವಿಸರ್ಜನೆಗೆ ದಿನಾ ಒಂದೇ ಹೊತ್ತು ಇಡಿ. ತಿಂಡಿ ತಿಂದ ಅರ್ಧ ಗಂಟೆಗೆ ಕರುಳು ತಾನೇ ಚುರುಕಾಗುತ್ತದೆ.

ಏಟು ಟಿ6 ಅಥವಾ ಅದಕ್ಕಿಂತ ಮೇಲಿದ್ದರೆ ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಬೆವರುವುದು ಆದರೆ ಬಿಪಿ ಏರುತ್ತಿದೆ ಅಂತ ಅರ್ಥ. ಕೂಡಲೇ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಪೈಪ್ ಕಟ್ಟಿಕೊಂಡಿದೆಯಾ ನೋಡಿ. ಇಳಿಯದಿದ್ದರೆ ನೇರ ಆಸ್ಪತ್ರೆಗೆ.

ಮತ್ತೆ ಬಿಸಿನೀರು. ಒಮ್ಮೆ ಬಚ್ಚಲಲ್ಲಿ ಹಂಡೆ ನೀರು ಬೆರೆಸದೆ ಕಾಲಿಗೆ ಹುಯ್ದುಕೊಂಡೆ. ಏನೂ ಗೊತ್ತಾಗಲಿಲ್ಲ. ಸಂಜೆ ಬೊಬ್ಬೆ ಎದ್ದದ್ದು ನೋಡಿ ಅಕ್ಕ ಕಿರುಚಿದಳು.

ನಡೆಯುತ್ತಾನಾ ಅಂತ ಕೇಳಿದ್ದೀರಿ. ಬೆನ್ನುಹುರಿ ಪೂರ್ತಿ ಹೋಗಿದೆಯಾ, ಅರ್ಧ ಉಳಿದಿದೆಯಾ ಅನ್ನುವುದರ ಮೇಲೆ ನಿಂತಿದೆ. ವಾಪಸ್ ಬರುವ ಶಕ್ತಿಯಲ್ಲಿ ಜಾಸ್ತಿ ಪಾಲು ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಬರುತ್ತದೆ. ಆದ್ದರಿಂದ ಈಗಲೇ ಮೈಗೆ ಮತ್ತೆ ಕೆಲಸ ಕಲಿಸುವ ರಿಹ್ಯಾಬ್‌ಗೆ ಸೇರಿಸಿ. ನಮ್ಮಪ್ಪ ಆ ಹೊತ್ತಲ್ಲಿ ಗದ್ದೆ ಅಡ ಇಟ್ಟು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿದರು. ಯಾವ ಕ್ಲಿನಿಕ್ ಅನ್ನುವುದು ಬೇಡ. ಕಾಲಿನ ಒಂದು ಬೆರಳೂ ಅಲ್ಲಾಡಲಿಲ್ಲ. ಬೆನ್ನುಹುರಿಗೆ ಅದು ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಪ್ರಯೋಗದ ಹೊರಗೆ ದುಡ್ಡು ತಗೊಂಡು ಕೊಡುವ ಹಾಗಿಲ್ಲ ಅಂತ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ದೇವರಿಗೆ ಹರಕೆ ಹೊರಿ, ಬೇಡ ಅನ್ನಲ್ಲ. ತೋಟ ಮಾತ್ರ ಮಾರಬೇಡಿ.

ಕೈಯಲ್ಲಿರುವ ದುಡ್ಡು ಅವನ ಅಳತೆಗೆ ಮಾಡಿದ ಒಳ್ಳೆ ವೀಲ್‌ಚೇರ್, ಕುಶನ್‌ಗೆ ಹಾಕಿ. ಆಸ್ಪತ್ರೆಗಳಲ್ಲಿರುವ ಮಡಚುವ ಕುರ್ಚಿ ಬೇರೆಯವರು ತಳ್ಳಲಿಕ್ಕೆ ಮಾಡಿದ್ದು. ಮನೆ ಹೊಸಿಲಿಗೊಂದು ಇಳಿಜಾರು ಹಾಕಿಸಿ, ಬಚ್ಚಲ ಬಾಗಿಲು ಅಗಲ ಮಾಡಿಸಿ. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಸಿಗುತ್ತದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಡಿ.

ರಿಹ್ಯಾಬ್‌ಗೆ ಎಲ್ಲಿ ಅಂದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗ ಇದೆ. 1959ರಲ್ಲಿ ಎನ್.ಎಸ್. ಹೇಮಾ ಅವರು ಅಂಗವಿಕಲರಿಗಾಗಿ ಶುರುಮಾಡಿದ ಎಪಿಡಿ ಸಂಸ್ಥೆ ಲಿಂಗರಾಜಪುರದಲ್ಲಿದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ರಿಹ್ಯಾಬ್ ಬೆಳೆಸಿದ್ದು ಡಾ. ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಅವರ ಬೆನ್ನುಹುರಿಗೂ ಏಟಾಗಿತ್ತು. ಆಮೇಲೆ ವೀಲ್‌ಚೇರಲ್ಲಿ ಕೂತೇ ಕುಷ್ಠ ರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. ಇದನ್ನು ತಮ್ಮನಿಗೆ ಉಪದೇಶದ ಹಾಗೆ ಹೇಳಬೇಡಿ. ಮೊದಲ ವರ್ಷ ನನಗೆ ಯಾರಾದರೂ ಇಂಥ ಕತೆ ಹೇಳಿದರೆ ತಲೆದಿಂಬು ಎಸೆಯಬೇಕು ಅನಿಸುತ್ತಿತ್ತು. ಅಂಥ ಸೆಂಟರಿನಲ್ಲಿ ಅವನದೇ ವಯಸ್ಸಿನ ಹುಡುಗ ಮಂಚದಿಂದ ಕುರ್ಚಿಗೆ ಜಾರಿ, ಚಹಾ ಕುಡಿಯಲು ಹೋಗುವುದನ್ನು ಅವನೇ ನೋಡಲಿ, ಅಷ್ಟು ಸಾಕು. ನನಗೆ ಕುರ್ಚಿ ಹತ್ತಲು ಕಲಿಸಿದ್ದು ಅಂಥವನೇ, ಬಾಯ್ತುಂಬ ಬೈದುಕೊಂಡು.

"ಬದುಕಿ ಏನು ಮಾಡಲಿ" ಅನ್ನುತ್ತಾನಾ? ಅಂದರೆ ಮಾತು ಹಾರಿಸಬೇಡಿ, ಹತ್ತಿರ ಕೂತು ಕೇಳಿ, ಮನೋವೈದ್ಯರಿಗೂ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನವರು ಮಾತಾಡುತ್ತಾರೆ, ಕನ್ನಡದಲ್ಲೂ. ಮೂತ್ರ, ಮದುವೆ, ಮಕ್ಕಳು ಈ ಮೂರು ಪ್ರಶ್ನೆ ಅವನ ತಲೆಯಲ್ಲಿ ಖಂಡಿತ ಇರುತ್ತವೆ. ನಿಮ್ಮ ಹತ್ತಿರ ಕೇಳಲ್ಲ.

ಡಿಸ್ಚಾರ್ಜ್ ಕಾಗದದಲ್ಲಿ ಲೆವೆಲ್ ಎಷ್ಟು ಅಂತ ಇರುತ್ತದೆ. ಅದನ್ನು ನೀವು ಇಲ್ಲಿ ಬರೆಯುವುದು ಬೇಡ. ಮೊಬೈಲ್ ಅವನ ಕೈಗೆ ಕೊಟ್ಟು, ಇದನ್ನು ತೆರೆದಿಟ್ಟು, ಹೊರಗೆ ಹೋಗಿ. ಏನು ಬೇಕಾದರೂ ಅವನೇ ಕೇಳಲಿ.