ಮೇ ತಿಂಗಳಲ್ಲಿ ಮೇ ಬಗ್ಗೆ ನಾವು ಬರೆದದ್ದು

(ಧಾರವಾಡದ ಹಿರಿಯ ಓದುಗರೊಬ್ಬರು 2017ರಲ್ಲಿ ಬರೆದಿದ್ದರು: "ಬ್ರಿಟನ್ನಿನಲ್ಲಿ ಪ್ರಧಾನಿ ಥೆರೆಸಾ ಮೇ ಭಾರೀ ಬಹುಮತದಿಂದ ಗೆಲ್ಲುತ್ತಾರೆ ಅಂತ ಮೇ ತಿಂಗಳಲ್ಲಿ ಬರೆದಿರಿ. ಕೊನೆಗೆ ಗೆದ್ದದ್ದು ಕಾರ್ಬಿನ್. ಸಮೀಕ್ಷೆಗಳೆಲ್ಲ ದುಡ್ಡು ಕೊಟ್ಟು ಮಾಡಿಸಿದ ಸುಳ್ಳು, ನೀವು ಅದನ್ನೇ ನಂಬಿದಿರಿ. ಮೇ ಇನ್ನೆಷ್ಟು ದಿನ ಇರುತ್ತಾರೆ, ಅದನ್ನಾದರೂ ಸರಿಯಾಗಿ ಹೇಳಿ.")

ನಮಸ್ಕಾರ. ಬೈಗುಳ ತಲುಪಿತು. ಅರ್ಧ ಒಪ್ಪಿಕೊಳ್ಳುತ್ತೇನೆ, ಇನ್ನರ್ಧಕ್ಕೆ ತಕರಾರಿದೆ.

ಮೊದಲು ತಕರಾರು. ಲೇಬರ್ ಪಕ್ಷದ ನಾಯಕ ಕಾರ್ಬಿನ್ ಗೆದ್ದಿಲ್ಲ. 2017ರ ಜೂನ್ 8ರ ಮತದಾನದಲ್ಲಿ ಮೇ ಅವರ ಕನ್ಸರ್ವೇಟಿವ್ ಪಕ್ಷಕ್ಕೆ 317 ಸೀಟು, ಲೇಬರ್‌ಗೆ 262. ಆದರೂ ಲಂಡನ್ನಿನಲ್ಲಿ ಗೆದ್ದವರ ಮುಖ ಬಾಡಿತ್ತು, ಸೋತವರು ನಗುತ್ತಿದ್ದರು. ಯಾಕೆಂದರೆ ಮೇ ಅವರ ಕೈಯಲ್ಲಿ ಆಗಲೇ 330 ಸೀಟು, ಅಂದರೆ ಬಹುಮತವಿತ್ತು, ಅವಧಿ ಇನ್ನೂ 3 ವರ್ಷ ಇತ್ತು, ಯಾರೂ ಕೇಳದೆ ತಾವಾಗಿಯೇ ಚುನಾವಣೆ ಕರೆದು ಇದ್ದ ಬಹುಮತವನ್ನೂ ಕಳೆದುಕೊಂಡರು. ವಿಚಿತ್ರ ನೋಡಿ, ಅವರ ಪಕ್ಷದ ಮತ ಶೇ. 36.9ರಿಂದ ಶೇ. 42.4ಕ್ಕೆ ಏರಿದೆ! ಲೇಬರ್ ಅದಕ್ಕಿಂತ ಜಾಸ್ತಿ ಏರಿ ಶೇ. 40 ಮುಟ್ಟಿತು, ಅಷ್ಟೆ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ನಮ್ಮಲ್ಲೂ ಇರೋದರಿಂದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸ್ಕಾಟ್ಲೆಂಡಿನ ನಾರ್ತ್ ಈಸ್ಟ್ ಫೈಫ್ ಕ್ಷೇತ್ರ 2 ಮತದಲ್ಲಿ ತೀರ್ಮಾನವಾಯಿತು ಅಂತ ಓದಿದಾಗ ನನಗೆ 2004ರ ವಿಧಾನಸಭಾ ಚುನಾವಣೆಯ ಸಂತೇಮರಹಳ್ಳಿ ನೆನಪಾಯಿತು. ಅಲ್ಲಿ ಒಂದೇ ಮತ.

ಇನ್ನು ಸಮೀಕ್ಷೆಗಳು. ಬಹಳಷ್ಟು ತಪ್ಪಾದವು, ನಿಜ. ಆದರೆ ದುಡ್ಡಿನ ಮಾತು ಬೇಡ, ತಪ್ಪಿನ ಬೇರು ಬೇರೆ ಕಡೆ ಇದೆ. 2015ರಲ್ಲಿ ಸಮೀಕ್ಷೆಯವರು ಲೇಬರ್ ಪಕ್ಷದ ಬಲವನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸಿ ನಗೆಪಾಟಲಾಗಿದ್ದರು. ಆ ಭಯಕ್ಕೆ ಈ ಸಲ ಹಲವರು, "ಹುಡುಗರು ವೋಟು ಹಾಕ್ತೀವಿ ಅಂತಾರೆ, ಆಮೇಲೆ ಬರೋದಿಲ್ಲ" ಅಂತ ಯುವಕರ ಉತ್ತರಗಳ ತೂಕ ಇಳಿಸಿದರು. ಕಳೆದ ವರ್ಷದ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿಕೊಂಡು ಪರೀಕ್ಷೆಗೆ ಹೋದ ಹುಡುಗನ ಕಥೆ ಇದು. ಐಸಿಎಂ ಸಂಸ್ಥೆ ಕೊನೆಯ ದಿನವೂ ಮೇ ಅವರು ಶೇಕಡಾ 12 ಅಂಶ ಮುಂದಿದ್ದಾರೆ ಅಂದಿತು. ನಿಜವಾದ ಅಂತರ ಎರಡೂವರೆಯ ಆಸುಪಾಸು.

ಆದರೆ ಸರ್ವೇಷನ್ ಅನ್ನೋ ಸಂಸ್ಥೆ ಅಂತರ 1 ಅಂಶ ಮಾತ್ರ ಅಂದಿತ್ತು. ಯೂಗವ್ ಸಂಸ್ಥೆ ಕ್ಷೇತ್ರವಾರು ಲೆಕ್ಕ ಹಾಕುವ ಹೊಸ ವಿಧಾನದಲ್ಲಿ ಅತಂತ್ರ ಸಂಸತ್ತು ಬರುತ್ತದೆ ಅಂತ ಮತದಾನಕ್ಕೆ ಒಂದು ವಾರ ಮೊದಲೇ ಹೇಳಿತ್ತು. ಎಲ್ಲರೂ ನಕ್ಕರು. ಕನ್ಸರ್ವೇಟಿವ್ ಪಕ್ಷದ ಸಲಹೆಗಾರ ಜಿಮ್ ಮೆಸಿನಾ ದಿನವಿಡೀ ನಗುತ್ತಿದ್ದೆ ಅಂತ ಟ್ವೀಟ್ ಮಾಡಿದರು. ಯೂಗವ್‌ಗೇ ಧೈರ್ಯ ಸಾಲಲಿಲ್ಲವೋ ಏನೋ, ಅವರ ಮಾಮೂಲಿ ಸಮೀಕ್ಷೆ ಕೊನೆಗೆ ಮೇ ಅವರು 7 ಅಂಶ ಮುಂದೆ ಅಂತಲೇ ತೋರಿಸಿತು.

ಇಲ್ಲಿದೆ ನಮ್ಮ ತಪ್ಪು. ಸರಿಯಾದ ಲೆಕ್ಕ ಕಣ್ಣೆದುರೇ ಇತ್ತು. ನಮ್ಮ ಡೆಸ್ಕಿಗೆ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಯೂಗವ್ ಬಗ್ಗೆ ಒಂದು ಪ್ಯಾರಾ ಸೇರಿಸಿದ್ದರು. ಜಾಗ ಸಾಲುವುದಿಲ್ಲ ಅಂತ ಅದನ್ನು ತೆಗೆದವನು ನಾನೇ. ಜಾಗ ಸುಮ್ನೆ ನೆಪ. ಲಂಡನ್ನಿನ ನಾಲ್ಕು ಪತ್ರಿಕೆ ಓದಿದ್ದೆ, ನಾಲ್ಕೂ ಒಂದೇ ಮಾತು ಹೇಳುತ್ತಿದ್ದವು. ಆ ನಾಲ್ವರೂ ಒಬ್ಬರನ್ನೊಬ್ಬರು ಓದಿ ಬರೆಯುತ್ತಿದ್ದಾರೆ ಅನ್ನೋದು ಹೊಳೆಯಲಿಲ್ಲ, ಐದನೆಯವನಾಗಿ ನಾನೂ ಸೇರಿಕೊಂಡೆ. ಮೇ ಪಕ್ಷದ ಪ್ರಣಾಳಿಕೆಯ ಗಲಾಟೆಯನ್ನೂ ನಾವು ಎರಡು ಸಾಲಲ್ಲಿ ಮುಗಿಸಿದ್ದೆವು. ಮನೆಯಲ್ಲೇ ಆರೈಕೆ ಪಡೆಯುವ ವೃದ್ಧರ ಮನೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದು, 1 ಲಕ್ಷ ಪೌಂಡ್ ಉಳಿಸಿ ಮಿಕ್ಕಿದ್ದರಲ್ಲಿ ಆ ಖರ್ಚು ವಸೂಲಿ ಮಾಡುವ ಯೋಜನೆ ಅದು. ಜನ ಅದಕ್ಕೆ 'ಡಿಮೆನ್ಷಿಯಾ (ಮರೆವಿನ ಕಾಯಿಲೆ) ತೆರಿಗೆ' ಅಂತ ಹೆಸರಿಟ್ಟರು. ನಾಲ್ಕೇ ದಿನಕ್ಕೆ ಮೇ ಅದನ್ನು ತಿದ್ದಿ, ಏನೂ ಬದಲಾಗಿಲ್ಲ ಅಂತ ವಾದಿಸಿದರು. ಅಪ್ಪ ಅಮ್ಮನ ಮನೆ ಕೈತಪ್ಪುತ್ತದೆ ಅಂದರೆ ಧಾರವಾಡದಲ್ಲಾದರೂ ಜನ ಸುಮ್ಮನಿರುತ್ತಾರಾ? ಇದು ಗೊತ್ತಾಗೋಕೆ ಸಮೀಕ್ಷೆ ಬೇಕಿರಲಿಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತು. ಮೇ ಅವರ ಆಪ್ತರಾದ ನಿಕ್ ತಿಮೋತಿ, ಫಿಯೋನಾ ಹಿಲ್ ಇಬ್ಬರೂ ರಾಜೀನಾಮೆ ಕೊಟ್ಟರು. ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಸದಸ್ಯರ ಬೆಂಬಲಕ್ಕಾಗಿ ಆ ಪ್ರಾಂತ್ಯಕ್ಕೆ ಹೆಚ್ಚುವರಿಯಾಗಿ 100 ಕೋಟಿ ಪೌಂಡ್ ಕೊಡುವ ಒಪ್ಪಂದವಾಯಿತು. ಬ್ರೆಕ್ಸಿಟ್, ಅಂದರೆ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಮಾತುಕತೆಗೆ ಬಲ ಬೇಕು ಅಂತ ಕರೆದ ಚುನಾವಣೆ ಇದು. ಜೂನ್ 19ಕ್ಕೆ ಆ ಮಾತುಕತೆ ಶುರುವಾದಾಗ ಅವರ ಸರ್ಕಾರ ಮೊದಲಿಗಿಂತ ಬಡವಾಗಿತ್ತು.

ಮೇ ಎಷ್ಟು ದಿನ ಇರುತ್ತಾರೆ ಅಂತ ಕೇಳಿದ್ದೀರಿ. ಅವರದು ನಡೆದಾಡುವ ಶವದ ಸ್ಥಿತಿ ಅಂತ ಜಾರ್ಜ್ ಆಸ್ಬರ್ನ್ ಟಿವಿಯಲ್ಲಿ ಹೇಳಿದ್ದರು. ಆಸ್ಬರ್ನ್ ಆಗ ಪತ್ರಿಕೆಯೊಂದರ ಸಂಪಾದಕರಾಗಿದ್ದರು. 2016ರಲ್ಲಿ ಅವರನ್ನು ಹಣಕಾಸು ಸಚಿವ ಸ್ಥಾನದಿಂದ ತೆಗೆದದ್ದು ಇದೇ ಮೇ. ಅವರ ಮಾತನ್ನೂ ನಾನು ಹಾಗೇ ಎತ್ತಿ ಅಚ್ಚು ಹಾಕಿದರೆ ನೀವು ಇನ್ನೊಂದು ಪತ್ರ ಬರೆಯಬೇಕಾಗುತ್ತದೆ, ಅಲ್ವಾ?