‘ಮೂವತ್ತು ದಿನದಲ್ಲಿ ಗೂಗಲ್‌ನ ಮೊದಲನೇ ಪುಟ’: ಈ ಮಾತು ನಂಬಬಹುದಾ?

ನಮ್ಮ ವೆಬ್‌ಸೈಟ್ ಗೂಗಲ್‌ನಲ್ಲಿ ಸುಲಭವಾಗಿ ಸಿಗುವ ಹಾಗೆ ಮಾಡುವ ಕೆಲಸಕ್ಕೆ ಎಸ್‌ಇಒ ಅನ್ನುತ್ತಾರೆ. ಅದರ ಬಗ್ಗೆ ಸಣ್ಣ ವ್ಯಾಪಾರಿಗಳು ಕೇಳಿದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಸಾಗರದಲ್ಲಿ ಅಡಿಕೆ ಹಾಳೆ ತಟ್ಟೆ ಮಾಡುತ್ತೇವೆ. ಒಬ್ಬರು ಫೋನ್ ಮಾಡಿ, ‘ಗೂಗಲ್ ಜೊತೆ ನಮಗೆ ಟೈ-ಅಪ್ ಇದೆ, 25,000 ರೂಪಾಯಿ ಕೊಡಿ, 30 ದಿನದಲ್ಲಿ ಮೊದಲನೇ ಸ್ಥಾನ ಗ್ಯಾರಂಟಿ’ ಅಂದರು. ಜಾಹೀರಾತೂ ಹಾಕಿದರೆ ಇನ್ನೂ ಬೇಗ ಮೇಲೆ ಬರುತ್ತದಂತೆ. ಕೊಡಬಹುದಾ?

ಕೊಡಬೇಡಿ. ಮೊದಲನೇ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲು ಆಗುವುದಿಲ್ಲ ಎಂದು ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿದೆ. ಗೂಗಲ್ ಜೊತೆ ವಿಶೇಷ ನಂಟಿದೆ ಅನ್ನುವವರಿಂದ ಹುಷಾರಾಗಿರಿ ಅಂತಲೂ ಅಲ್ಲೇ ಹೇಳಿದೆ.

ಮತ್ತೆ ಫೋನ್ ಬಂದರೆ ಒಂದೇ ಪ್ರಶ್ನೆ ಕೇಳಿ: ‘ಯಾವ ಪದಕ್ಕೆ ಮೊದಲನೇ ಸ್ಥಾನ?’ ಇಂಥವರು ಎಷ್ಟೋ ಸಲ ನಿಮ್ಮ ಘಟಕದ ಹೆಸರನ್ನೇ ಹುಡುಕಿ ತೋರಿಸುತ್ತಾರೆ. ನಿಮ್ಮ ಹೆಸರು ಹುಡುಕಿದರೆ ಸಾಮಾನ್ಯವಾಗಿ ನೀವೇ ಬರುತ್ತೀರಿ, ಅದಕ್ಕೆ ಯಾಕೆ ಅಷ್ಟು ದುಡ್ಡು? ನಿಮ್ಮ ಹೆಸರೇ ಗೊತ್ತಿಲ್ಲದ ಬೆಂಗಳೂರಿನ ಕೇಟರಿಂಗ್‌ನವರು ‘12 ಇಂಚಿನ ಹಾಳೆ ತಟ್ಟೆ ಹೋಲ್‌ಸೇಲ್ ರೇಟು’ ಅಂತ ಹುಡುಕಿದಾಗ ನೀವು ಸಿಗಬೇಕು, ಅಲ್ವಾ? ಹಾಗೆ ಸಿಗಬೇಕು ಅಂದರೆ ಅಳತೆ, ಒಂದು ಬಾಕ್ಸಿಗೆ ಎಷ್ಟು ತಟ್ಟೆ, ಕನಿಷ್ಠ ಆರ್ಡರ್ ಎಷ್ಟು, ಸಾರು ಬಡಿಸಿದರೆ ಎಷ್ಟು ಹೊತ್ತು ತಡೆಯುತ್ತದೆ, ಇದೆಲ್ಲ ನಿಮ್ಮ ಸೈಟಿನಲ್ಲಿ ಬರೆದಿರಬೇಕು.

ಜಾಹೀರಾತಿನ ವಿಷಯ ಬೇರೆ. ದುಡ್ಡು ಕೊಟ್ಟರೆ ‘ಪ್ರಾಯೋಜಿತ’ ಅನ್ನುವ ಗುರುತಿನ ಜಾಗದಲ್ಲಿ ಕಾಣುತ್ತೀರಿ. ನಿಲ್ಲಿಸಿದ ದಿನ ಅಲ್ಲಿಂದ ಹೋಗುತ್ತೀರಿ. ಅದರಿಂದ ಮಾಮೂಲಿ ಫಲಿತಾಂಶದಲ್ಲಿ ನಿಮ್ಮ ಸ್ಥಾನ ಒಂದು ಮೆಟ್ಟಿಲೂ ಏರುವುದಿಲ್ಲ. ಮದುವೆ ಸೀಸನ್‌ಗೆ ತುರ್ತಾಗಿ ಆರ್ಡರ್ ಬೇಕಿದ್ದರೆ ಜಾಹೀರಾತು ಹಾಕಿ, ತಪ್ಪೇನಿಲ್ಲ. ಎಸ್‌ಇಒ ಮಾತ್ರ ನಿಧಾನದ ಕೆಲಸ. ಸುಧಾರಣೆ ಮಾಡಿ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್‌ನವರೇ 2017ರಲ್ಲಿ ಹೇಳಿದ್ದರು.

ಇನ್ನೊಂದು ಮಾತು. ಯಾರಿಗೇ ಕೆಲಸ ಕೊಡಿ, ಡೊಮೇನ್, ಅಂದರೆ ನಿಮ್ಮ ವೆಬ್‌ಸೈಟ್ ವಿಳಾಸ, ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ ನೋಂದಣಿ ಆಗಿರಲಿ. ಏಜೆನ್ಸಿಯ ಹೆಸರಲ್ಲಿ ಡೊಮೇನ್ ಇದ್ದು, ಜಗಳವಾದ ಮೇಲೆ ಸ್ವಂತ ವಿಳಾಸವನ್ನೇ ಕಳೆದುಕೊಂಡವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಅಂಗಡಿಯ ಬೀಗದ ಕೈಯನ್ನು ಬೋರ್ಡ್ ಬರೆದವರ ಹತ್ತಿರ ಬಿಡುತ್ತೀರಾ?

ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಸೈಟ್ ಮಾಡಿದವರು ‘ಸಕಲೇಶಪುರ ಹೋಂಸ್ಟೇ’ ಅನ್ನುವ ಪದವನ್ನು ಪುಟದ ಕೆಳಗೆ ಬಿಳಿ ಬಣ್ಣದಲ್ಲಿ ಕಾಣದ ಹಾಗೆ ಹತ್ತಾರು ಸಲ ಹಾಕಿದ್ದಾರೆ. ಇದರಿಂದ ಉಪಯೋಗ ಇದೆಯಾ?

ಉಪಯೋಗ ಇಲ್ಲ, ಅಪಾಯ ಇದೆ. ಇವತ್ತೇ ತೆಗೆಸಿ. ಹೀಗೆ ಪದ ಬಚ್ಚಿಡುವುದು ಗೂಗಲ್ ನಿಯಮಕ್ಕೆ ವಿರುದ್ಧ. 2006ರಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನಿ ಸೈಟನ್ನೇ ಗೂಗಲ್ ಪಟ್ಟಿಯಿಂದ ತೆಗೆದಿತ್ತು. ಜನರಿಗೆ ಒಂದು ಪುಟ, ಗೂಗಲ್‌ಗೆ ಪದ ತುಂಬಿದ ಇನ್ನೊಂದು ಪುಟ ತೋರಿಸಿದ್ದೇ ಕಾರಣ. ಅಷ್ಟು ದೊಡ್ಡವರನ್ನೇ ಬಿಡಲಿಲ್ಲ. ಸೈಟಿನ ಒಳಗೆ ‘ಮೆಟಾ ಕೀವರ್ಡ್’ ಅಂತ ಒಂದು ಜಾಗ ಇರುತ್ತದೆ, ಅದನ್ನು ತುಂಬಲೂ ದುಡ್ಡು ಕೇಳುತ್ತಾರೆ. ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಅದರ ಬದಲು ಒಂದು ವಾರ ಫೋನಿನ ಪಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಅತಿಥಿಗಳು ಕೇಳುವುದನ್ನೆಲ್ಲ ಬರೆಯಿರಿ. ಕಾರು ಗೇಟಿನ ತನಕ ಬರುತ್ತಾ, ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ರಸ್ತೆಯಾ? ಜುಲೈನಲ್ಲಿ ಇಂಬಳ (ಜಿಗಣೆ) ಇರುತ್ತಾ? ಜಿಯೋ ಸಿಗುತ್ತಾ, ಬಿಎಸ್‌ಎನ್‌ಎಲ್ಲಾ? ಕರೆಂಟ್ ಹೋದರೆ ಬಿಸಿನೀರು ಇರುತ್ತಾ? ಅಕ್ಕಿ ರೊಟ್ಟಿ, ಕಡುಬು ಮಾಡಿಕೊಡ್ತೀರಾ? ನೀವು ಫೋನಿನಲ್ಲಿ ಹೇಳಿದ ಉತ್ತರವನ್ನೇ ಸೈಟಿಗೆ ಹಾಕಿ. ಇಂಬಳ ಇದ್ದರೆ ಇದೆ ಅಂತಲೇ ಬರೆಯಿರಿ. ಜನ ಗೂಗಲ್‌ನಲ್ಲಿ ಹುಡುಕುವುದು ಇದನ್ನೇ. ನಿಮ್ಮಷ್ಟು ಚೆನ್ನಾಗಿ ಇದನ್ನು ಬೇರೆ ಯಾರೂ ಬರೆಯಲಾರರು.

ನಮ್ಮದು ಇಳಕಲ್ ಸೀರೆ ಅಂಗಡಿ ರೀ. ಸೈಟಿನ ತುಂಬಾ ಕನ್ನಡದಲ್ಲೇ ಬರೆಸೇವಿ. ಆದರೂ ಕನ್ನಡದಲ್ಲಿ ಹುಡುಕಿದರ ಬರಂಗಿಲ್ಲ. ಗೂಗಲ್‌ಗೆ ಕನ್ನಡ ತಿಳಿಯಂಗಿಲ್ಲೇನು?

ಚೆನ್ನಾಗಿ ತಿಳಿಯುತ್ತದೆ. ನೀವು ಕಳಿಸಿದ ಪುಟ ತೆರೆದು ನೋಡಿದೆ. ಕಣ್ಣಿಗೆ ಅಚ್ಚ ಕನ್ನಡ. ಆದರೆ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಬಂದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಂದರೆ ಡಿಟಿಪಿಯವರು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನೇ ತಂದು ಅಂಟಿಸಿದ್ದಾರೆ. ಆ ಫಾಂಟ್‌ನಲ್ಲಿ ಒಳಗಿರುವ ಸಂಕೇತ ಇಂಗ್ಲಿಷಿನದು, ಮೇಲಿನ ಚಿತ್ರ ಮಾತ್ರ ಕನ್ನಡದ್ದು. ಗೂಗಲ್ ಓದುವುದು ಒಳಗಿನ ಸಂಕೇತವನ್ನು. ಹಾಗಾಗಿ ‘ಸೀರೆ’ ಅನ್ನುವ ಪದವೇ ನಿಮ್ಮ ಪುಟದಲ್ಲಿ ಅದಕ್ಕೆ ಸಿಗುತ್ತಿಲ್ಲ.

ಪರಿಹಾರ ಸುಲಭ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡ್‌ಗೆ, ಅಂದರೆ ಒಳಗಿನ ಸಂಕೇತವೂ ಕನ್ನಡದ್ದೇ ಆಗಿರುವ ರೂಪಕ್ಕೆ, ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ, ಅಲ್ಲಿ ತಪ್ಪು ಉಳಿಯುತ್ತದೆ. ಇನ್ನು ದರಪಟ್ಟಿಯನ್ನು ಫೋಟೊ ಮಾಡಿ ಹಾಕಿದ್ದೀರಿ. ಅದನ್ನೂ ಅಕ್ಷರದಲ್ಲೇ ಬರೆಸಿ. ಪ್ರತಿ ಸೀರೆಯ ಫೋಟೊ ಕೆಳಗೆ ‘ಸುಂದರ ಸೀರೆ’ ಅಂತ ಇದೆ. ಅದನ್ನು ಹುಡುಕುವವರು ಯಾರು? ಚಿಕ್ಕಿ ಪರಾಸ್ ದಡಿ, ಗೋಮಿ ದಡಿ, ಟೋಪ್ ತೆನಿ ಸೆರಗು, ಮೈ ಹತ್ತಿಯೋ ರೇಷ್ಮೆಯೋ, ಕಸೂತಿ ಕೈಯದೋ ಮಷಿನ್‌ದೋ, ಇದನ್ನು ಬರೆಯಿರಿ. ಎಷ್ಟೋ ಕನ್ನಡಿಗರು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಹುಡುಕುತ್ತಾರೆ, ಹಾಗಾಗಿ ಇಂಗ್ಲಿಷ್ ಪುಟವೂ ಒಂದು ಇರಲಿ.

ಮೈಸೂರಿನಲ್ಲಿ ಬೇಕರಿ ಇದೆ. ನನ್ನ ಮೊಬೈಲ್‌ನಲ್ಲಿ ಹುಡುಕಿದರೆ ನಮ್ಮದೇ ಮೊದಲು. ಇನ್ನೊಂದು ಬಡಾವಣೆಯಲ್ಲಿರುವ ಅಕ್ಕನಿಗೆ ಕಾಣುವುದೇ ಇಲ್ಲ. ಐದು ಸ್ಟಾರ್ ಕೊಟ್ಟವರಿಗೆ ಒಂದು ಪಫ್ ಫ್ರೀ ಕೊಡೋಣ ಅಂತಿದ್ದೇನೆ.

ಪಫ್ ಬೇಡ. ವಿಮರ್ಶೆ ಬರೆಯಿರಿ ಅಂತ ಗಿರಾಕಿಗಳನ್ನು ಕೇಳಬಹುದು, ಅದಕ್ಕೆ ಬದಲಾಗಿ ಏನಾದರೂ ಕೊಡುವುದು ಗೂಗಲ್ ನಿಯಮದಲ್ಲಿ ನಿಷಿದ್ಧ. ಹತ್ತಿರದ ಅಂಗಡಿ ತೋರಿಸುವಾಗ ಗೂಗಲ್ ಮೂರು ವಿಷಯ ನೋಡುತ್ತದೆ: ಕೇಳಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ದೂರ ಇದ್ದೀರಿ, ಎಷ್ಟು ಹೆಸರುವಾಸಿ. ನೀವು ಅಂಗಡಿಯಲ್ಲೇ ನಿಂತು ಹುಡುಕಿದಿರಿ, ಅಕ್ಕ ದೂರದಿಂದ. ‘ಒಂದನೇ ಸ್ಥಾನ’ ಅನ್ನುವುದು ಊರಿಗೆಲ್ಲ ಒಂದೇ ಅಲ್ಲ. ಗೂಗಲ್‌ನಲ್ಲಿ, ಮ್ಯಾಪಿನಲ್ಲಿ ಅಂಗಡಿಯ ವಿವರ ತೋರಿಸುವ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಉಚಿತ. ಅಲ್ಲಿ ಸಮಯ, ರಜೆ, ಫೋನ್ ನಂಬರ್ ಸರಿಯಾಗಿಡಿ. ದಸರಾ ಸಮಯದಲ್ಲಂತೂ ಮರೆಯಬೇಡಿ.

ತಿಪಟೂರಿನ ಕೊಬ್ಬರಿ ವ್ಯಾಪಾರಿ ನಾನು. ಸೈಟ್ ಮಾಡಿಸಿ ಆರು ತಿಂಗಳಾಯಿತು, ಅಂಗಡಿ ಹೆಸರು ಹಾಕಿದರೂ ಬರುವುದಿಲ್ಲ. ತಮ್ಮನ ಮಗ ಎಐನಿಂದ ನೂರು ಲೇಖನ ಬರೆಸಿ ಹಾಕೋಣ ಅನ್ನುತ್ತಾನೆ.

ನೂರು ಲೇಖನ ಸದ್ಯಕ್ಕೆ ಬೇಡ. ಎಐ ಬಳಸಿದ್ದೇ ತಪ್ಪು ಅಂತ ಗೂಗಲ್ ಹೇಳುವುದಿಲ್ಲ. ಯಾರಿಗೂ ಬೇಡದ ಪುಟಗಳನ್ನು ರಾಶಿ ರಾಶಿ ಸುರಿಯುವುದನ್ನು ಮಾತ್ರ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಅಂತ ಸ್ಪಷ್ಟವಾಗಿ ಎಣಿಸುತ್ತದೆ.

ನಿಮ್ಮ ತೊಂದರೆ ಬೇರೆ ಇರಬೇಕು. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’ ಅಂತ ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಬರೆಯಿರಿ. ಒಂದೂ ಪುಟ ಬರದಿದ್ದರೆ ಗೂಗಲ್ ಪಟ್ಟಿಯಲ್ಲಿ ಬಹುಶಃ ನೀವಿಲ್ಲ. ಸೈಟನ್ನು ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ಮಾಡಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ವಿಭಾಗಕ್ಕೆ ಹೋಗಿ. ಹುಡುಕು ತಾಣಗಳು ಈ ಸೈಟನ್ನು ಸೇರಿಸಿಕೊಳ್ಳಬೇಡಿ ಅನ್ನುವ ಒಂದು ಚೌಕ ಅಲ್ಲಿದೆ. ಕೆಲಸ ನಡೆಯುವಾಗ ಟಿಕ್ ಹಾಕಿ, ಮುಗಿದ ಮೇಲೆ ತೆಗೆಯಲು ಮರೆಯುವುದು ಬಹಳ ಸಾಮಾನ್ಯ. ಟಿಕ್ ತೆಗೆದ ಮೇಲೆ ಸೈಟಿನ ಮಾಲೀಕರಿಗೆ ಗೂಗಲ್ ಉಚಿತವಾಗಿ ಕೊಡುವ ಸರ್ಚ್ ಕನ್ಸೋಲ್ ಅನ್ನುವ ಸಾಧನದಲ್ಲಿ ಪುಟದ ವಿಳಾಸ ಹಾಕಿ, ಸೇರಿಸಿಕೊಳ್ಳಲು ಕೋರಿಕೆ ಕಳಿಸಿ. ಕೆಲವು ದಿನ ಹಿಡಿಯಬಹುದು, ಕೆಲವು ವಾರವೂ ಆಗಬಹುದು. ಆಮೇಲೂ ಬರದಿದ್ದರೆ ಅಲ್ಲಿ ಕಾರಣ ತೋರಿಸುತ್ತದೆ, ಅದರ ಸ್ಕ್ರೀನ್‌ಶಾಟ್ ನನಗೆ ಕಳಿಸಿ.