ಸಾಂತ್ವನಕ್ಕೆ ಇಷ್ಟು ಅವಸರ ಯಾಕೆ?

ಪ್ರಿಯ ಸಹೋದರಿ,

ನೀವು ಕಳಿಸಿದ ‘ದುಃಖದಲ್ಲಿ ದೇವರ ಆದರಣೆ’ ಲೇಖನ ಓದಿದೆ. ಬೈಕ್ ಅಪಘಾತದಲ್ಲಿ ನಿಮ್ಮ ತಮ್ಮ ತೀರಿಕೊಂಡ ವಿಷಯ ತಿಳಿದು ಮನಸ್ಸಿಗೆ ತುಂಬಾ ನೋವಾಯಿತು. ಇಂಥದ್ದನ್ನು ಬರೆಯಲು ಕೂತಿರಲ್ಲ, ಅದೇ ದೊಡ್ಡದು. ಆದರೆ ಲೇಖನವನ್ನು ಈಗಿರುವ ಹಾಗೆ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಅಡಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪ್ಯಾರಾದಲ್ಲಿ ಅಪಘಾತ. ಎರಡನೆಯದರಲ್ಲೇ ‘ಆದರೂ ದೇವರು ನಮ್ಮನ್ನು ಕೈಬಿಡಲಿಲ್ಲ’ ಅಂದುಬಿಡುತ್ತೀರಿ. ಅಲ್ಲಿಂದ ಕೊನೆಯವರೆಗೂ ಬೈಬಲ್ ವಚನದ ಮೇಲೆ ವಚನ. ಸಾಕ್ಷಿ ಹೇಳುವ ರೂಢಿ ನಮ್ಮನ್ನು ಹೀಗೆ ಬರೆಯಿಸುತ್ತದೆ ಅನಿಸುತ್ತದೆ. ಸಭೆಯಲ್ಲಿ ಎದ್ದು ನಿಂತವರು ಕಷ್ಟವನ್ನು ಎರಡು ಮಾತಲ್ಲಿ ಹೇಳಿ, ದೇವರು ಕೊಟ್ಟ ಜಯಕ್ಕೆ ಬಂದು, ‘ಸ್ತೋತ್ರ’ ಅಂದು ಕೂರುತ್ತಾರೆ. ಅಷ್ಟು ಹೊತ್ತಿನ ಮಾತಿಗೆ ಅದು ಸರಿ. ಆದರೆ ಮೊನ್ನೆಯಷ್ಟೇ ಮಗನನ್ನು ಮಣ್ಣು ಮಾಡಿ ಬಂದ ತಾಯಿ ನಿಮ್ಮ ಲೇಖನ ಓದಿದರೆ ಏನಂದುಕೊಳ್ಳುತ್ತಾಳೆ? ‘ಇವರಿಗೆಲ್ಲ ಇಷ್ಟು ಬೇಗ ಸಮಾಧಾನ ಸಿಕ್ಕಿದೆ, ನನ್ನ ನಂಬಿಕೆಯೇ ಸಾಲದು’ ಅಂದುಕೊಳ್ಳುತ್ತಾಳೆ. ಅಂಥವಳಿಗೆ ಇನ್ನೊಂದು ಭಾರ ಹೊರಿಸಬಾರದು, ಅಲ್ವಾ?

ಸತ್ಯವೇದಕ್ಕೆ, ಅಂದರೆ ಬೈಬಲ್ಲಿಗೆ, ಈ ಅವಸರ ಇಲ್ಲ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ಮತ್ತೆ ಓದಿ. ಅಲ್ಲಿಯೂ ತಮ್ಮನನ್ನೋ ಅಣ್ಣನನ್ನೋ ಕಳೆದುಕೊಂಡ ಅಕ್ಕತಂಗಿಯರು, ಮಾರ್ಥ ಮತ್ತು ಮರಿಯ, ಇದ್ದಾರೆ. ಸತ್ತವನು ಲಾಜರ. ಅವನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ ಕಳೆದ ಮೇಲೆ ಯೇಸು ಬರುತ್ತಾನೆ. ಮಾರ್ಥಳು ಎದುರು ಹೋಗಿ ಹೇಳುವ ಮೊದಲ ಮಾತು ಸ್ತೋತ್ರವಲ್ಲ. ನೀನು ಇಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಮರಿಯಳೂ ಬಂದು ಅದನ್ನೇ ಅನ್ನುತ್ತಾಳೆ. ಇಬ್ಬರೂ ತಮ್ಮತಮ್ಮಲ್ಲೇ ನಾಲ್ಕು ದಿನ ಆಡಿಕೊಂಡ ಮಾತೇ ಇರಬೇಕು. ಯೇಸು ಇಬ್ಬರನ್ನೂ ಗದರಿಸುವುದಿಲ್ಲ. ನಾನೇ ಪುನರುತ್ಥಾನ ಎಂದು ಮಾರ್ಥಳಿಗೆ ಹೇಳಿದವನೇ ಹತ್ತು ವಚನ ದಾಟುವಷ್ಟರಲ್ಲಿ ಕಣ್ಣೀರು ಬಿಡುತ್ತಾನೆ. ಲಾಜರನನ್ನು ಸಾವಿನಿಂದ ಎಬ್ಬಿಸಲೆಂದೇ ಬಂದವನು ಅವನು, ಆದರೂ ಅತ್ತನು. ನೀವು ಈ ಅಧ್ಯಾಯದಿಂದ ‘ನಾನೇ ಪುನರುತ್ಥಾನ’ ಎಂಬ 25ನೇ ವಚನವನ್ನು ಮಾತ್ರ ಎತ್ತಿಕೊಂಡಿದ್ದೀರಿ. ಅದರ ಹಿಂದೆ ಮುಂದೆ ಇರುವುದನ್ನೂ ತನ್ನಿ.

ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 8:28ಕ್ಕೂ ಹೀಗೇ ಆಗಿದೆ. ಎಲ್ಲವೂ ಒಳ್ಳೆಯದಕ್ಕೇ ಎಂಬ ಅರ್ಥದಲ್ಲಿ ಅದನ್ನು ಮೂರು ಕಡೆ ಬಳಸಿದ್ದೀರಿ. ಎರಡೇ ವಚನ ಹಿಂದೆ ಹೋದರೆ, ಹೇಗೆ ಪ್ರಾರ್ಥಿಸಬೇಕೆಂದು ನಮಗೆ ಗೊತ್ತಾಗದಿದ್ದಾಗ ಮಾತಿಗೆ ಸಿಗದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದಿದೆ. ಪೌಲ ನರಳಾಟವನ್ನು ದಾಟಿಯೇ ಆ ಮಾತಿಗೆ ಬಂದಿದ್ದಾನೆ. ಥೆಸಲೋನಿಕದವರಿಗೆ ಬರೆದಾಗಲೂ ಅವನು ಅಳಬೇಡಿ ಅಂದಿಲ್ಲ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಅಂದಿದ್ದಾನೆ. ನಿಮ್ಮ ಲೇಖನದಲ್ಲಿ ಆ ವಚನ ಅಳುವವರ ಬಾಯಿ ಮುಚ್ಚಿಸುವ ಹಾಗೆ ಬಂದಿದೆ.

ಮನೆಗೆ ಬಂದವರು ‘ದೇವರ ಚಿತ್ತ ಹಾಗಿತ್ತು, ಅಳಬೇಡಿ’ ಅಂದರು ಎಂದು ಬರೆದು, ಅದರಿಂದ ಧೈರ್ಯ ಬಂತು ಎಂದು ಸೇರಿಸಿದ್ದೀರಿ. ನಿಜವಾಗಲೂ ಬಂತಾ? ಬಂದಿದ್ದರೆ ಹಾಗೇ ಇರಲಿ. ಸುಮ್ನೆ ಮರ್ಯಾದೆಗೆ ಬರೆದಿದ್ದರೆ ತೆಗೆಯಿರಿ. ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರಿಂದ ಆದ ಉಪಕಾರ ಅಷ್ಟೇ. ಬಾಯಿ ಬಿಟ್ಟು ಕಾರಣ ಹೇಳಲು ಶುರುಮಾಡಿದ ಮೇಲೆ ಅವನ ಗಾಯ ಕೆರೆದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಕೂಗಾಡಿದ ಯೋಬನ ಮೇಲಲ್ಲ, ಈ ಗೆಳೆಯರ ಮೇಲೆ.

ಈಗ ಮೂರನೇ ಪುಟಕ್ಕೆ ಬರೋಣ. ಅಲ್ಲಿ ಮಧ್ಯದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಮಣ್ಣಾದ ಮುಂದಿನ ಭಾನುವಾರ ಅಮ್ಮ ಚರ್ಚಿಗೆ ಬಂದರು. ಎಲ್ಲರೂ ಹಾಡಲು ಎದ್ದಾಗ ಅಮ್ಮನೂ ಎದ್ದರು, ಆದರೆ ಬಾಯಿ ತೆರೆಯಲಿಲ್ಲ. ಪಕ್ಕದ ಆಂಟಿ ಪುಟ ತೆಗೆದು, ಹಾಡು ಮುಗಿಯುವವರೆಗೂ ಪುಸ್ತಕವನ್ನು ಅಮ್ಮನ ಮುಂದೆ ಹಿಡಿದುಕೊಂಡೇ ನಿಂತಿದ್ದರು.’ ಮುಂದಿನ ಸಾಲಿನಲ್ಲೇ ಸತ್ಯವೇದದ ಕೀರ್ತನೆ 23ಕ್ಕೆ, ದೇವರು ನನ್ನ ಕುರುಬ ಎನ್ನುವ ಹಾಡಿಗೆ, ಹೋಗಿಬಿಡುತ್ತೀರಿ. ಯಾಕೆ ಹೋದಿರಿ? ನಿಮ್ಮ ಲೇಖನ ಇರುವುದು ಇಲ್ಲೇ. ಅಮ್ಮನಿಂದ ಹಾಡಲು ಆಗದ ದಿನ ಸಭೆ ಅವರ ಪಾಲಿನದನ್ನೂ ಹಾಡಿತು. ನಂಬಿಕೆ ಒಬ್ಬರ ಎದೆಯಲ್ಲಿ ಒಣಗಿಹೋದಾಗ ಪಕ್ಕದವರು ಅದನ್ನು ಹಿಡಿದುಕೊಂಡಿರುತ್ತಾರೆ. ಆದರಣೆ ಎಂದು ನಾಲ್ಕು ಪುಟ ಹೇಳಿದ್ದನ್ನು ಈ ಮೂರು ವಾಕ್ಯಗಳು ತೋರಿಸಿಬಿಟ್ಟಿವೆ. ಇನ್ನಷ್ಟು ಹೇಳಿ. ಯಾವ ಹಾಡು ಅದು? ಆಂಟಿ ಹಾಡುತ್ತಿದ್ದರೇ, ಸುಮ್ಮನಿದ್ದರೇ? ಅಮ್ಮ ಮತ್ತೆ ಹಾಡಿದ್ದು ಯಾವಾಗ? ಇನ್ನೂ ಹಾಡಿಲ್ಲವಾದರೆ ಅದನ್ನೇ ಬರೆಯಿರಿ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಬೆಳಕಿನ ಸಾಲೂ ಇಲ್ಲ. ಅದನ್ನೂ ನಮ್ಮ ಹಿರಿಯರು ಪ್ರಾರ್ಥನೆ ಎಂದೇ ಉಳಿಸಿಕೊಂಡು ಬಂದಿದ್ದಾರೆ.

ಇಡೀ ಲೇಖನದಲ್ಲಿ ನಿಮ್ಮ ತಮ್ಮ ಬರೀ ‘ನನ್ನ ಪ್ರೀತಿಯ ತಮ್ಮ’ ಆಗಿದ್ದಾನೆ, ಅಷ್ಟೇ. ಅವನು ಯಾವುದಕ್ಕೆ ನಗುತ್ತಿದ್ದ, ನಿಮ್ಮ ಜೊತೆ ಯಾವುದಕ್ಕೆ ಜಗಳ ಆಡುತ್ತಿದ್ದ? ಒಂದೆರಡು ಸಾಲು ಸಾಕು. ಅವನು ಯಾರೆಂದು ಗೊತ್ತಾಗದಿದ್ದರೆ ನೀವು ಕಳೆದುಕೊಂಡದ್ದು ಏನೆಂದೂ ಓದುಗರಿಗೆ ಗೊತ್ತಾಗುವುದಿಲ್ಲ. ವಚನಗಳಲ್ಲಿ ಎರಡನ್ನು ಇಟ್ಟುಕೊಳ್ಳಿ, ಆ ದಿನಗಳಲ್ಲಿ ನಿಜವಾಗಿ ನಿಮ್ಮ ಬಾಯಿಗೆ ಬಂದಂಥವನ್ನು. ‘ಶೋಕಸಾಗರ’, ‘ವಿಧಿಯ ಕ್ರೂರ ಆಟ’ ಇಂಥವು ಬೇಡ. ವಿಧಿಯ ಮಾತಂತೂ ನಿಮ್ಮ ನಂಬಿಕೆಗೇ ಹೊಂದುವುದಿಲ್ಲ.

ನಂಬಿಕೆಯನ್ನು ಕಡಿಮೆ ಮಾಡಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಪುನರುತ್ಥಾನದ ನಿರೀಕ್ಷೆ ನನ್ನದೂ ಹೌದು, ನನ್ನವರನ್ನೂ ಅದೇ ನಿರೀಕ್ಷೆಯಲ್ಲಿ ಮಣ್ಣಿಗೆ ಒಪ್ಪಿಸಿದ್ದೇನೆ. ಅದು ನಿಮ್ಮ ಲೇಖನದಲ್ಲಿ ಖಂಡಿತ ಇರಲಿ. ಮಾರ್ಥಳ ದೂರು ಮೊದಲು ಬರಲಿ, ಅಷ್ಟೇ.

ಸಾವಿರ ಪದದ ಒಳಗೆ ತನ್ನಿ. ಗಡುವು ಹಾಕುವುದಿಲ್ಲ, ಆದಾಗ ಕಳಿಸಿ, ಪೂರ್ತಿ ನಾನೇ ಓದುತ್ತೇನೆ. ಕಳಿಸುವ ಮೊದಲು ಅಮ್ಮನಿಗೂ ಆ ಆಂಟಿಗೂ ಒಮ್ಮೆ ಓದಿ ಹೇಳಿ. ಅಮ್ಮ ಬೇಡ ಅಂದ ಸಾಲು ಎಷ್ಟೇ ಚೆನ್ನಾಗಿದ್ದರೂ ತೆಗೆದುಬಿಡಿ.

ಪ್ರೀತಿಯಿಂದ,
ಸಂಪಾದಕ